ಬಿಸಿಲಿಗೇನು ಬರ?

ಕೌತಾಳಂನಲ್ಲಿ ಬಿಸಿಲಿಗೇನೂ ಬರವಿಲ್ಲ, ಬಿಗುಮಾನವೆಲ್ಲ ಕರೆಂಟಿನದು. ಹಾಗಾಗಿ ಆದೋನಿಯಿಂದ 100 ವ್ಯಾಟಿನ ಸೋಲಾರ್ ಪ್ಲೇಟು, ಒಂದು ಬ್ಯಾಟರಿ ಹೊತ್ತು ತಂದವರು ಮೊದಲ ವಾರ ತಾವೇ ವಿದ್ಯುತ್ ಮಂತ್ರಿ ಎಂಬಂತೆ ಓಡಾಡುತ್ತಾರೆ. "ಮಿಕ್ಸಿ ಹಾಕ್ಲೇನೋ?" ಎಂದು ಒಳಗಿಂದ ಅವ್ವ ಕೇಳುವವರೆಗೆ ಮಾತ್ರ. ಮಿಕ್ಸಿಗೆ 500 ವ್ಯಾಟ್ ಬೇಕು. ಇದರಲ್ಲೇನಿದ್ದರೂ ನಾಲ್ಕು ಎಲ್‌ಇಡಿ ಬಲ್ಬು, ಒಂದು ಡಿಸಿ ಫ್ಯಾನು, ಮೊಬೈಲ್ ಚಾರ್ಜು. ಚಟ್ನಿಗೆ ಒರಳೇ ಗತಿ.

ಆ 100 ಕೂಡ ಪ್ಲೇಟಿನ ಮೈ 25 ಡಿಗ್ರಿಯಲ್ಲಿದ್ದಾಗಿನ ಲೆಕ್ಕ. ಮೇ ತಿಂಗಳಲ್ಲಿ ನಮ್ಮ ಮಾಳಿಗೆ ಮೇಲೆ ಅದು 65ಕ್ಕೆ ಏರಿತೆನ್ನಿ. ಡಿಗ್ರಿಗೆ ಸುಮಾರು ಶೇ 0.4ರಂತೆ ಕಳೆದರೆ ಉಳಿಯುವುದು 84. ಬಿಸಿಲುಂಡು ಬದುಕುವ ಪ್ರಾಣಿಗೆ ಬಿಸಿಲೇ ಆಗಿಬರುವುದಿಲ್ಲವೆಂದರೆ ಏನನ್ನಬೇಕು! ಓರ್ವಕಲ್ಲು ಕಡೆಯ 1000 ಮೆಗಾವ್ಯಾಟಿನ ಸೋಲಾರ್ ಪಾರ್ಕಿಗೂ ಇದೇ ಪಾಡು. ಆದರೆ ಅಲ್ಲಿ ಅವ್ವ ಇಲ್ಲ.

ಇಲ್ಲಿ, ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ಕೂತ ಆ ಕಾದ ನುಣುಪು ಗಾಜು ಅವಳ ಕಣ್ಣಿಗೆ ಬಿದ್ದೇ ಬೀಳುತ್ತದೆ. ಸಂಜೆ ಫ್ಯಾನು ತೂಕಡಿಸಿತೆಂದು ಮಾಳಿಗೆ ಹತ್ತಿದರೆ ಪ್ಲೇಟಿನ ತುಂಬ ಸಾಲುಸಾಲು ಸಂಡಿಗೆ. "ತೆಗಿಯವ್ವಾ" ಎಂದರೆ, "ಸುಮ್ನಿರೋ, ಇನ್ನೂ ಒಣಗಿಲ್ಲ!"