ಕಾಕಾನ ಸದುದ್ದೇಶ

(ನಂದಗಡದ ಚಾದಂಗಡಿ. ಕಾಕಾ, ಸಾಲಿ ಮಾಸ್ತರು.)

ಕಾಕಾ: ಮನ್ಯಾಗೂ ಹುಡುಗರಿಗೆ ಹೊಡೀಬಾರದಂತ ಕಾಯ್ದೆ ಆಗಬೇಕಂತಲ್ರಿ ಮಾಸ್ತರ! ಏಟಿಲ್ಲದ ಬುದ್ಧಿ ಎಲ್ಲಿಂದ ಬರ್ತೈತಿ?

ಮಾಸ್ತರು: ನಮ್ಮ ಕೈ 2009ರಾಗ ಕಟ್ಯಾರ್ರಿ. ಶಿಕ್ಷಣ ಹಕ್ಕು ಕಾಯ್ದೆ, 17ನೇ ಕಲಂ. ನಾ ಹೊಡದ್ರ ನೌಕರಿಗೆ ಕುತ್ತು, ನೀವು ಹೊಡದ್ರ ಸಂಸ್ಕಾರ.

ಕಾಕಾ: ನಾ ಹಡದವ!

ಮಾಸ್ತರು: ಹಡದವ್ರು ಕಾಕೂ ಅಲ್ಲೇನ್ರಿ?

ಕಾಕಾ: ಅದ ಬಿಡ್ರಿ. ಕಾಯ್ದೆ ನಮ್ಮ ಕಡೆ ಐತೋ ಇಲ್ಲೋ?

ಮಾಸ್ತರು: ಇದ್ದಂಗ ಐತಿ. 12 ವರ್ಷದೊಳಗಿನ ಮಗುವಿನ ಒಳಿತಿಗೆ ಪಾಲಕರು ಸದುದ್ದೇಶದಿಂದ ಮಾಡಿದ್ದು ಅಪರಾಧ ಅಲ್ಲಂತ ಭಾರತೀಯ ನ್ಯಾಯ ಸಂಹಿತೆ 27ನೇ ಕಲಂ ಹೇಳ್ತೈತಿ. ಬ್ರಿಟಿಷರು 1860ರಾಗ ಬರದ ದಂಡ ಸಂಹಿತೆಯ 89ನೇ ಕಲಮ್ಮ ಅದು, ನಂಬರ್ ಅಷ್ಟ ಬದಲಾಗೈತಿ.

ಕಾಕಾ: ನನ್ನ ಉದ್ದೇಶ ಯಾವಾಗ್ಲೂ ಚಲೋನ.

ಮಾಸ್ತರು: ನಿನ್ನೆ ಟಿವಿ ರಿಮೋಟ್ ಸಿಗಲಾರದಾಗೂ?

ಕಾಕಾ: ...ಅದು ಬ್ಯಾರೆ.

ಮಾಸ್ತರು: ಹುಡುಗ ಹುಟ್ಟೂ ಮೊದಲ ಸಂಗೊಳ್ಳಿ ರಾಯಣ್ಣನ ಸಮಾಧಿ ಮ್ಯಾಲಿನ ಆಲದ ಮರಕ್ಕ ತೊಟ್ಟಿಲ ಕಟ್ಟಿ ಏನ ಬೇಡಿದ್ರಿ?

ಕಾಕಾ: ರಾಯಣ್ಣನಂಥ ಮಗಾ ಬೇಕಂತ!

ಮಾಸ್ತರು: ಸರಕಾರಕ್ಕ ತಿರುಗಿ ನಿಂತು 1831ರಾಗ ಇಲ್ಲೇ ಗಲ್ಲಿಗೇರಿದವ ಅಂವ. ನಿಮ್ಮ ಹುಡುಗ 'ಯಾಕಪ್ಪಾ?' ಅಂದಷ್ಟಕ್ಕ ಕಪಾಳಕ್ಕ ಬಿತ್ತಲ್ಲ!

ಕಾಕಾ: ಎದುರು ಮಾತಾಡೋದು ಬ್ರಿಟಿಷರಿಗೆ, ಅಪ್ಪಗಲ್ಲ!

ಮಾಸ್ತರು: ಸ್ವೀಡನ್ 1979ರಾಗ ಮನಿ ಏಟು ನಿಲ್ಲಿಸ್ತು. ಅಲ್ಲಿನ ಆ ನಿಷೇಧದ ಕಲಮ್ಮಿನಾಗ ಶಿಕ್ಷೆನ ಬರದಿಲ್ಲ.

ಕಾಕಾ: ಶಿಕ್ಷೆ ಇಲ್ಲದ ಕಾಯ್ದಿಗೆ ಯಾರು ಅಂಜತಾರ?

ಮಾಸ್ತರು: ಏಟು ತಿಂದು ಬೆಳೆದವ್ರು ಈ ಪ್ರಶ್ನೆನ ಕೇಳತಾರ್ರಿ.

(ಕಾಕಾ ಚಾದ ರೊಕ್ಕ ಕೊಡದೆ ಎದ್ದ. ಭಾರತದಲ್ಲಿ ಮನೆಯ ಏಟನ್ನು ನೇರವಾಗಿ ನಿಷೇಧಿಸುವ ಕಾಯ್ದೆ ಇನ್ನೂ ಬಂದಿಲ್ಲ.)