ಕಾರ್ ಸ್ಟೀರಿಯೊ ಮೀಮಾಂಸೆ: ಗೃಹಸ್ಥರಿಗಾಗಿ, ಅಗ್ಗದಲ್ಲಿ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ ಅದಕ್ಕೆ ಅಧಿಕಾರಿ ಯಾರೆಂದು ನಿರ್ಣಯಿಸುವುದು ಪೂರ್ವಸೂರಿಗಳ ಪದ್ಧತಿ. ಪ್ರಸ್ತುತ ಶಾಸ್ತ್ರಕ್ಕೆ ಅಧಿಕಾರಿ ಸೆಕೆಂಡ್ ಹ್ಯಾಂಡ್ ಮಾರುತಿ ಆಲ್ಟೊ ಕೊಂಡವನು. ಅದೂ ಸ್ಟೀರಿಯೊ ಇರಬೇಕಾದ ಜಾಗದಲ್ಲಿ ಬರೀ ಪ್ಲಾಸ್ಟಿಕ್ ಮುಚ್ಚಳವಿರುವ ಬೇಸ್ ಮಾಡೆಲ್. ಭಾನುವಾರ ಬೆಳಿಗ್ಗೆ ಬಿಡುವುಳ್ಳವನು. ಮನೆಯಲ್ಲೊಂದು ಟೆಸ್ಟರ್ ಇರುವ ಕಾರಣಕ್ಕೆ ತಾನು ಅರ್ಧ ಎಲೆಕ್ಟ್ರಿಷಿಯನ್ ಎಂದು ನಂಬಿದವನು. ಟಾಪ್ ಮಾಡೆಲ್ ಕೊಂಡವರಿಗೆ ಇಲ್ಲಿ ಪ್ರವೇಶವಿಲ್ಲ. ಅವರಿಗೆ ಕಂಪನಿಯವರೇ ಮೋಕ್ಷ ಕೊಟ್ಟು ಕಳಿಸಿದ್ದಾರೆ.

ಪರಂಪರೆ ಪ್ರಾಚೀನವಾದದ್ದು. ಷಿಕಾಗೋದ ಗ್ಯಾಲ್ವಿನ್ ಸಹೋದರರು ಮೋಟರೋಲಾ ಎಂಬ ಕಾರ್ ರೇಡಿಯೊ ತಂದದ್ದು 1930ರಲ್ಲಿ. ಆ ಯುಗದ ಕಾರ್ ರೇಡಿಯೊಗಳಿಗೆ ಕಾರಿನ ಬ್ಯಾಟರಿ ಸಾಲದೆ ಬೇರೆ ಬ್ಯಾಟರಿಗಳನ್ನು ಕಾಲಡಿಯ ಹಲಗೆಯ ಕೆಳಗೆ ಹುದುಗಿಸಬೇಕಿತ್ತು; ಎಂಜಿನ್ನಿನ ಕಿಡಿಯ ಗದ್ದಲ ಹಾಡಿನೊಳಗೆ ನುಗ್ಗುತ್ತಿತ್ತು. ಗದ್ದಲದ ವಿಚಾರವನ್ನು ಕೊನೆಯ ಅಧಿಕರಣಕ್ಕೆ ಕಾಯ್ದಿರಿಸಿದ್ದೇನೆ. ಮುಂದೆ ಜರ್ಮನರು ಡ್ಯಾಶ್‌ಬೋರ್ಡಿನ ಬಾಯಿಗೆ ಅಳತೆ ಗೊತ್ತುಮಾಡಿದರು: ಅಗಲ 180 ಮಿ.ಮೀ., ಎತ್ತರ 50 ಮಿ.ಮೀ. ಇದೇ ಡಿಐಎನ್ 75490. ಇದರ ಅಂತರರಾಷ್ಟ್ರೀಯ ಪಾಠ ಐಎಸ್‌ಒ 7736. ಎತ್ತರವನ್ನು ಇಮ್ಮಡಿಸಿದರೆ ಡಬಲ್ ಡಿನ್. ಅದರ ಬೆಲೆ ನಮ್ಮ ಅಧಿಕಾರಿಯ ಕೈಗೆಟುಕದ್ದರಿಂದ ಪ್ರಬಂಧದ ವ್ಯಾಪ್ತಿಗೂ ಹೊರಗು.

ಇನ್ನು ಪಠ್ಯವಿಮರ್ಶೆ. ಅಗ್ಗದ ಸ್ಟೀರಿಯೊದ ಡಬ್ಬದ ಮೇಲೆ ‘50 ವ್ಯಾಟ್ × 4’ ಎಂದು ದಪ್ಪಕ್ಷರದಲ್ಲಿರುತ್ತದೆ. ಮಾಲು ಇನ್ನೂ ಅಗ್ಗವಾದರೆ ‘ಪಿಎಂಪಿಒ’ ಎಂಬ ಬೀಜಾಕ್ಷರಗಳ ಜತೆ ಲೆಕ್ಕ ಸಾವಿರಗಳಿಗೆ ಏರುತ್ತದೆ. ದಂಡಿಯನ್ನು ಅನುಸರಿಸಿ ಅಲಂಕಾರಗಳನ್ನು ವಿವರಿಸಿದ ಕವಿರಾಜಮಾರ್ಗಕಾರ ಈ ಡಬ್ಬ ನೋಡಿದ್ದರೆ ಅತಿಶಯೋಕ್ತಿಗೆ ಬೇರೆ ಉದಾಹರಣೆ ಹುಡುಕುತ್ತಿರಲಿಲ್ಲ. ಹಾಗೆಂದು 50 ಎಂಬುದು ಶುದ್ಧ ಕವಿಸಮಯವೂ ಅಲ್ಲ. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ ಸುಮಾರು 14.4, ಸ್ಪೀಕರ್ 4 ಓಮಿನದು. 14.4ನ್ನು 14.4ರಿಂದಲೇ ಗುಣಿಸಿ 4ರಿಂದ ಭಾಗಿಸಿದರೆ 51.84. ಸಿಕ್ಕಿತಲ್ಲ! ಇಡೀ ವೋಲ್ಟೇಜನ್ನು ಅತ್ತ ಒಂದೇಟು ಇತ್ತ ಒಂದೇಟು ಎಂದು ಸ್ಪೀಕರಿಗೆ ಬಾರಿಸಿದರೆ ಬರುವ ವ್ಯಾಟ್ ಅದು. ಗಾಯಕಿ ನಯವಾಗಿ ಎಳೆದ ಸ್ವರಕ್ಕೆ ದಕ್ಕುವುದು ಅದರ ಅರ್ಧ. ಐಸಿಯೊಳಗಿನ ನಷ್ಟವನ್ನೂ ಕಳೆದರೆ 20ರ ಆಸುಪಾಸು.

ಶಬ್ದಪ್ರಮಾಣ ಒಪ್ಪದವರು ಪ್ರತ್ಯಕ್ಷಕ್ಕೆ ಬನ್ನಿ. ಸ್ಟೀರಿಯೊ ಬೆನ್ನಿಗೆ ಚುಚ್ಚಿರುವ ಫ್ಯೂಸ್ ಅನೇಕ ವೇಳೆ 10 ಆಂಪಿಯರಿನದು. 14.4ನ್ನು ಹತ್ತರಿಂದ ಗುಣಿಸಿದರೆ 144. ಒಳಗೆ 144 ಹೋಗಿ ಹೊರಗೆ 200 ಬರಬೇಕು! ಡಬ್ಬ ಬರೆದವನೂ ಫ್ಯೂಸ್ ಚುಚ್ಚಿದವನೂ ಒಬ್ಬನೇ ಕರ್ತೃವಲ್ಲ ಎಂಬ ನನ್ನ ವಾದಕ್ಕೆ ಇದಕ್ಕಿಂತ ಆಂತರಿಕ ಪ್ರಮಾಣ ಬೇಕಿಲ್ಲ. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಆರಂಭಿಸಿದ್ದು 30 ವ್ಯಾಟ್ ಟ್ರಾನ್ಸ್‌ಮಿಟರಿನಲ್ಲಿ. ಊರಿಗೆ ಸಾಕಾದದ್ದು ಹಿಂದಿನ ಸೀಟಿನ ಅತ್ತೆಯವರಿಗೆ ಸಾಲದು ಎಂಬುದು ಡಬ್ಬಕಾರನ ಮತ.

ಸ್ಟೀರಿಯೊ ನೆತ್ತಿಗೆ ಅಂಟಿಸಿದ ವೈರಿಂಗ್ ಚೀಟಿಯೇ ಈ ಶಾಸ್ತ್ರದ ಮೂಲಶಾಸನ. ಲಿಪಿ ಸಾಸಿವೆ ಗಾತ್ರದ್ದು, ಪೆಟ್ಟಿಗೆಯನ್ನು ಒಳಗೆ ತಳ್ಳಿದ ಮೇಲೆ ದರ್ಶನವಿಲ್ಲ. ಆದ್ದರಿಂದ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳತಕ್ಕದ್ದು. ಬ್ಯಾಟರಿಯ ಮೈನಸ್ ಕಳಚಿದ ಮೇಲೆಯೇ ಅಧ್ಯಯನಕ್ಕೆ ಕೂರತಕ್ಕದ್ದು. ಪಾಠ ಹೀಗಿದೆ: ಹಳದಿ ನೇರ ಬ್ಯಾಟರಿಯದು, ಸದಾ ಜಾಗೃತ. ಕೆಂಪು ಕೀ ತಿರುಗಿಸಿದಾಗ ಮಾತ್ರ ಏಳುತ್ತದೆ. ಕಪ್ಪು ಅರ್ತ್. ಬಿಳಿ, ಬೂದು, ಹಸಿರು, ನೇರಳೆ ನಾಲ್ಕು ಸ್ಪೀಕರುಗಳಿಗೆ. ಮೈಮೇಲೆ ಕಪ್ಪು ಗೆರೆಯಿದ್ದರೆ ಅದು ಮೈನಸ್.

ಇಷ್ಟು ಸರಳ ಮೂಲಕ್ಕೆ ವ್ಯಾಖ್ಯಾನಭೇದ ಹುಟ್ಟಿದ್ದು ಹಳದಿ-ಕೆಂಪಿನ ವಿಷಯದಲ್ಲಿ. ಅವನ್ನು ಅದಲುಬದಲು ಮಾಡಿದವರ ಕಾರಿನಲ್ಲೂ ಕೀ ತಿರುಗಿಸಿದರೆ ಸ್ಟೀರಿಯೊ ಹಾಡುತ್ತದೆ. ದೋಷ ತಿಳಿಯುವುದು ಮರುದಿನ. ಸೇವ್ ಮಾಡಿಟ್ಟ 101.3 ಇಲ್ಲ, 102.9 ಇಲ್ಲ, ಗಡಿಯಾರದಲ್ಲಿ ಮತ್ತೆ ಹನ್ನೆರಡು. ನೆನಪು ಉಳಿಸುವ ಕರೆಂಟ್ ಹಳದಿಯಲ್ಲಿ ಹರಿಯುವುದರಿಂದ, ಅದು ಕೀಯ ಹಂಗಿಗೆ ಬಿದ್ದರೆ ಯಂತ್ರ ದಿನವೂ ಪುನರ್ಜನ್ಮ ಎತ್ತುತ್ತದೆ. ಎರಡನ್ನೂ ಒಂದಾಗಿ ಹೊಸೆದು ಬ್ಯಾಟರಿಗೇ ಕಟ್ಟುವ ಅದ್ವೈತಿಗಳೂ ಇದ್ದಾರೆ. ಅವರಿಗೆ ಸ್ಮೃತಿಭ್ರಂಶದ ಭಯವಿಲ್ಲ. ಆದರೆ ರಾತ್ರಿ ಸ್ಟೀರಿಯೊ ಆರಿಸಲು ಮರೆತರೆ ಬೆಳಿಗ್ಗೆ ಕಾರು ತಳ್ಳಲು ಪಕ್ಕದ ಮನೆಯವರನ್ನು ಎಬ್ಬಿಸಬೇಕು. ಹಳದಿ ಬೇರೆ, ಕೆಂಪು ಬೇರೆ ಎಂಬ ದ್ವೈತವೇ ಸಿದ್ಧಾಂತ. ಉಡುಪಿ ಕಡೆಯವನೆಂಬ ಅಭಿಮಾನದಿಂದ ಹೇಳಿದ್ದಲ್ಲ.

ಪೂರ್ವಪಕ್ಷ ಬೆಂಗಳೂರಿನ ಜೆ.ಸಿ. ರೋಡಿನ ಕಾರ್ ಸಾಮಾನಿನ ಅಂಗಡಿಗಳದು. “ಯಾಕ್ ಸಾರ್ ತಲೆನೋವು? ಗಾಡಿ ಬಿಟ್ಟು ಟೀ ಕುಡ್ಕೊಂಡ್ ಬನ್ನಿ, ಫಿಟ್ಟಿಂಗ್‌ಗೆ ಐನೂರು ಕೊಡಿ” ಎಂಬುದು ಅಲ್ಲಿಯ ಮಹಾವಾಕ್ಯ. ಇದನ್ನು ಖಂಡಿಸುವುದು ಕಷ್ಟ. ಅಂಗಡಿಯ ಹುಡುಗ ಶಾಸನ ಓದುವುದಿಲ್ಲ, ಟೆಸ್ಟರ್ ಮುಟ್ಟುವುದಿಲ್ಲ, ಹಲ್ಲಿನಲ್ಲೇ ವೈರಿನ ಸಿಪ್ಪೆ ಸುಲಿದು ನಮ್ಮ ಟೀ ಆರುವುದರೊಳಗೆ ಹಾಡು ಹಾಕಿಬಿಡುತ್ತಾನೆ. ಆದರೆ ಅವನು ಕಂಪನಿಯ ವೈರನ್ನೇ ಕತ್ತರಿಸಿ, ಹೊಸೆದು, ಇನ್ಸುಲೇಷನ್ ಟೇಪ್ ಸುತ್ತುವ ಪಂಥದವನಾದರೆ ಅಪಾಯ. ಏಪ್ರಿಲ್ ಬಿಸಿಲಿಗೆ ಟೇಪಿನ ಅಂಟು ಜಾರಿ, ವೈರುಗಳು ಡ್ಯಾಶ್‌ಬೋರ್ಡಿನ ಕತ್ತಲಲ್ಲಿ ಪರಸ್ಪರ ಪರಿಚಯ ಮಾಡಿಕೊಳ್ಳುತ್ತವೆ. ವೈರು ಕತ್ತರಿಸದೆ ಕಪ್ಲರ್ ಹಾಕುವುದೇ ಶ್ರೇಯಸ್ಕರ. ಕಾರಿನ ಮಾಡೆಲ್ ಹೇಳಿದರೆ ಕಪ್ಲರ್ ಕೂಡ ಅದೇ ರಸ್ತೆಯಲ್ಲಿ ಸಿಗುತ್ತದೆ; ಸಿದ್ಧಾಂತಿಯ ಸಾಮಾನು ಪೂರ್ವಪಕ್ಷದ ಅಂಗಡಿಯಲ್ಲೇ ಸಿಗುವ ಅನುಕೂಲ ಷಡ್ದರ್ಶನಗಳಲ್ಲಿ ಒಂದಕ್ಕೂ ಇಲ್ಲ.

ಸ್ಪೀಕರ್ ಪ್ರಕರಣ ಚಿಕ್ಕದು. ಗುರುತು ಅಳಿಸಿಹೋದ ಸ್ಪೀಕರಿಗೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಮುಟ್ಟಿಸಿ ನೋಡಬೇಕು. ಕೋನ್ ಹೊರಗೆ ಉಬ್ಬಿದರೆ ಸೆಲ್ಲಿನ ಪ್ಲಸ್ ತಾಗಿದ ಕಡೆಯೇ ಪ್ಲಸ್. ಎಡಬಲಗಳಲ್ಲಿ ಒಂದು ಉಲ್ಟಾ ಆದರೆ ಒಂದು ಗಾಳಿಯನ್ನು ನೂಕುವಾಗ ಇನ್ನೊಂದು ಎಳೆದುಕೊಳ್ಳುತ್ತದೆ, ಬೇಸ್ ಎಂಬುದು ಮಧ್ಯದಲ್ಲೇ ಲೀನವಾಗುತ್ತದೆ. ಮೃದಂಗ ಮೋರ್ಸಿಂಗಿನ ಹಾಗೆ ಕೇಳಿದರೆ ವಿದ್ವಾಂಸರನ್ನು ಬೈಯದೆ ವೈರು ತಿರುಗಿಸಿ ಹಾಕಿ. ಸ್ಪೀಕರಿನ ಮೈನಸ್ಸನ್ನು ಮಾತ್ರ ಕಾರಿನ ಬಾಡಿಗೆ ಕಟ್ಟಬಾರದು. ಹಳೆಯ ಎಷ್ಟೋ ರೇಡಿಯೊಗಳಲ್ಲಿ ಅದು ಸದಾಚಾರವೇ ಆಗಿತ್ತು. ಈಗಿನ ಸ್ಟೀರಿಯೊದಲ್ಲಿ ಹಾಗೆ ಮಾಡಿದರೆ ಐಸಿ ಸದ್ಗತಿ ಹೊಂದುತ್ತದೆ.

ಉಳಿದದ್ದು ಗದ್ದಲದ ಅಧಿಕರಣ. ಎಲ್ಲ ಮುಗಿಸಿ ಎಂಜಿನ್ ಚಾಲೂ ಮಾಡಿದಾಗ ಹಾಡಿನ ಹಿಂದೆ ‘ಕುಂಯ್’ ಎಂಬ ನಾದವೊಂದು ಕೇಳಬಹುದು. ಆಕ್ಸಿಲರೇಟರ್ ಒತ್ತಿದರೆ ಶ್ರುತಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಹಾಡುತ್ತಿರುವುದು ಆಲ್ಟರ್ನೇಟರ್. ಅದನ್ನು ಹಾಡಿಗೆ ಕರೆತಂದ ಆರೋಪಿ ಬಹಳಷ್ಟು ಸಲ ಕಪ್ಪು ವೈರು. ಕಾರಿನ ಇಡೀ ಲೋಹದ ಮೈಯೇ ಬ್ಯಾಟರಿಯ ಮೈನಸ್ ಆಗಿದ್ದರೂ ಆ ವೈರನ್ನು ಪೇಂಟಿನ ಮೇಲೆ ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ಪೇಂಟ್ ಕೆರೆದು, ಬರೀ ಲೋಹ ಕಾಣಿಸಿ, ಅಲ್ಲಿಗೆ ಗಟ್ಟಿಯಾಗಿ ಕಟ್ಟುವುದು ಶಾಸ್ತ್ರೋಕ್ತ ಪರಿಹಾರ. ಇದಕ್ಕಾಗಿ ಸ್ಟೀರಿಯೊವನ್ನು ಮತ್ತೆ ಹೊರಗೆಳೆಯಬೇಕು, ಡ್ಯಾಶ್‌ಬೋರ್ಡಿನಡಿ ಅಂಗಾತ ಮಲಗಬೇಕು. ಅಷ್ಟರಲ್ಲಿ ಊಟಕ್ಕೆ ಕರೆಯುತ್ತಾರೆ.

ಪೂರ್ವಪಕ್ಷವನ್ನು ಇನ್ನೊಮ್ಮೆ ವಿಚಾರಿಸಲಾಗಿ, “ವಾಲ್ಯೂಮ್ ಸ್ವಲ್ಪ ಜಾಸ್ತಿ ಇಡಿ ಸಾರ್, ಕೇಳ್ಸಲ್ಲ” ಎಂಬ ಉತ್ತರ ಬಂದಿದೆ. ಪ್ರಯೋಗ ಮಾಡಿ ನೋಡಲಾಯಿತು. ಕೇಳಿಸುವುದಿಲ್ಲ.