ಕರದಂಟಿನ ದಂತಸೇವೆ

ಗೋಕಾಕ ಕರದಂಟನ್ನು ಹೊಗಳಿದವರೆಲ್ಲ ರುಚಿಯ ಮಾತಾಡಿ ಸುಮ್ಮನಾಗಿದ್ದಾರೆ. ಅದು ಹಲ್ಲಿಗೆ ಸಲ್ಲಿಸುತ್ತಿರುವ ಸೇವೆಯ ಬಗ್ಗೆ ಯಾರೂ ತುಟಿ ಬಿಚ್ಚಿಲ್ಲ. ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲ ಬೆಲ್ಲದ ಪಾಕದಲ್ಲಿ ಬೆರೆತು ಗಟ್ಟಿಯಾದ ಒಂದು ತುಂಡನ್ನು ಬಾಯಿಗೆ ಹಾಕಿಕೊಳ್ಳಿ. ಯಾವ ಹಲ್ಲಿನ ಸಿಮೆಂಟ್ ಸಡಿಲಾಗಿದೆ ಎಂಬುದು ಎಕ್ಸ್‌ರೇ ಇಲ್ಲದೆ ಗೊತ್ತಾಗುತ್ತದೆ. ಗೊತ್ತುಮಾಡಿ ಬಿಡುವುದೂ ಇಲ್ಲ, ಕಿತ್ತು ನಾಲಿಗೆಯ ಮೇಲೆ ಇಡುತ್ತದೆ. ಇಂಜೆಕ್ಷನ್ ಇಲ್ಲ, ಪಾಳಿ ಹಚ್ಚುವುದಿಲ್ಲ, ಫೀ ಡಬ್ಬಿಯ ಬೆಲೆಯಲ್ಲೇ ಬಂತು.

ಮುಂದಿನ ಚಿಕಿತ್ಸೆಗೆ ಮೂಡಲಗಿ, ಹುಕ್ಕೇರಿಯ ಯಾವ ಕಟ್ಟೆಗಾದರೂ ಹೋಗಬಹುದು. ‘ಏ ತಮ್ಮಾ, ಡಾಕ್ಟರ್ ಕಡೆ ಹೋದಿ ಅಂದ್ರ ಕಿತ್ತ ಒಗೀತಾನ. ಒಂದ ಲವಂಗ ಇಟ್ಟ ಕಚ್ಚಿ ಹಿಡಿ, ನಾಳಿಗಿ ಆರಾಮ ಆಕ್ಕೈತಿ’ ಎಂಬ ಸಲಹೆ ಧರ್ಮಾರ್ಥ ಸಿಗುತ್ತದೆ. ಲವಂಗದಲ್ಲಿರುವ ಯೂಜಿನಾಲ್ ನೋವನ್ನು ಸ್ವಲ್ಪ ಹೊತ್ತು ಮಂಕಾಗಿಸುವುದು ನಿಜ. ದಂತವೈದ್ಯರೂ ಅದನ್ನೇ ಜಿಂಕ್ ಆಕ್ಸೈಡ್ ಜೊತೆ ಕಲೆಸಿ ತಾತ್ಕಾಲಿಕವಾಗಿ ಹಲ್ಲು ತುಂಬುತ್ತಾರೆ. ಆದರೆ ಅಷ್ಟಕ್ಕೆ ತೃಪ್ತಿಪಡುವವರಲ್ಲ ಕಟ್ಟೆಯ ಪಂಡಿತರು. ನಿಪ್ಪಾಣಿಯ ತಂಬಾಕು ಹುಕ್ಕೇರಿಗೆ ದೂರದ್ದೇನಲ್ಲ. ಅದನ್ನು ಹಂಚಿನ ಮೇಲೆ ಸುಟ್ಟು ಮಾಡಿದ ಮಿಶ್ರಿಯನ್ನು ತಿಕ್ಕಿದರೆ ನೋವು ಮರೆಯುತ್ತದೆ. ಬರಬರುತ್ತ ಒಸಡೂ ಹಲ್ಲಿನ ಕೈ ಬಿಡುತ್ತದೆ. ಇನ್ನೂ ಧೈರ್ಯಸ್ಥರು ಆಸ್ಪಿರಿನ್ ಗುಳಿಗೆಯನ್ನೇ ಹುಳುಕಿನ ಪಕ್ಕ ಒತ್ತಿಟ್ಟುಕೊಳ್ಳುತ್ತಾರೆ. ಒಸಡು ಸುಟ್ಟು ಬೆಳ್ಳಗಾಗುತ್ತದೆ. ಆ ಉರಿಯ ಮುಂದೆ ಹಲ್ಲುನೋವು ಯಾರಿಗೆ ನೆನಪಿರುತ್ತದೆ? ಇಂಥ ಮದ್ದು ಕಂಡುಹಿಡಿದವನಿಗೆ ಊರೊಳಗೊಂದು ಸನ್ಮಾನ ಇನ್ನೂ ಆಗಿಲ್ಲ ಎಂಬುದೇ ಬೇಸರ.

ಹಲ್ಲಿನ ಡಾಕ್ಟರುಗಳದು ತೀರಾ ನೀರಸ ಬಾಯಿ. ಮುರಿದ ಚೂರನ್ನೋ ಕಳಚಿದ ಕ್ಯಾಪನ್ನೋ ಒಗೆಯದೆ ತನ್ನಿ, ಉಗುರುಬೆಚ್ಚಗಿನ ನೀರಿನಲ್ಲಿ ಮುಕ್ಕಳಿಸಿ, ಆ ಕಡೆಯಿಂದ ಅಗಿಯಬೇಡಿ, ನೋವಿಲ್ಲದಿದ್ದರೂ ಬೇಗ ಬನ್ನಿ, ಮುಖ ಊದಿ ಜ್ವರ ಬಂದರೆ ಅವತ್ತೇ ಬನ್ನಿ. ಹೀಗೆ ಒಂದೇ ಪಾಠ. ಬೈಕಿನಿಂದ ಬಿದ್ದು ದೊಡ್ಡವರ ಹಲ್ಲು ಬೇರುಸಹಿತ ಕಳಚಿದರೆ ಬೇರನ್ನು ಮುಟ್ಟದೆ, ಉಜ್ಜದೆ, ಹಾಲಿನಲ್ಲಿ ಹಾಕಿ ಅರ್ಧ ತಾಸಿನೊಳಗೆ ತಂದರೆ ಮತ್ತೆ ಕೂಡಿಸಬಹುದಂತೆ! ಬಿದ್ದ ಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆದು ಬೆಳೆದ ನಾವು ಚಹಾದ ಹಾಲನ್ನು ಇದಕ್ಕೆ ಕೊಡಬೇಕೆ?

ಬೆಳಗಾವಿಯ ಕೆಎಲ್‌ಇ ದಂತ ಮಹಾವಿದ್ಯಾಲಯ 1985ರಿಂದ ಇದೆ. ಹುಕ್ಕೇರಿ ಸೀಮೆಯ ವಿಶ್ವನಾಥ ಕತ್ತಿಯವರ ಹೆಸರನ್ನೇ ಅದಕ್ಕಿಟ್ಟಿದ್ದಾರೆ. ನಮ್ಮ ಕಡೆಯ ಹೆಸರು ಅಲ್ಲಿ ಹೋಗಿ ಕೂತಿರುವಾಗ ನಾವೂ ಬಸ್ಸು ಹತ್ತುವುದು ದುಂದುವೆಚ್ಚ.

ಹೀಗೆ ಕಾಯುವ ತಾಳ್ಮೆಗೆ ಸರ್ಕಾರದ ಬೆಂಬಲವೂ ಇದೆ. ಹಲ್ಲುದುರಿದ ಬಡ ಹಿರಿಯರಿಗೆ ಪುಕ್ಕಟೆ ಹಲ್ಲಿನ ಸೆಟ್ ಕಟ್ಟಿಸಿಕೊಡಲು ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆ ತಂದಿತು. ಒಂದು ಹಲ್ಲು ಮುರಿದ ಕೂಡಲೇ ದವಾಖಾನೆಗೆ ಓಡುವ ಆತುರಗಾರರಿಗೆ ಆ ಭಾಗ್ಯವಿಲ್ಲ. ಉಳಿದವರು ರೇಶನ್ ಕಾರ್ಡನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು.